ಮೌನದಿನಗಳಲ್ಲಿ ಕೇಳಬಾರದ ಮಾತು

ತೇಲುನಾಡು, ದಡ ಮುಳುಗಿದ ನಾನೂರ ಹನ್ನೆರಡನೆಯ ವರ್ಷ, ಮೌನದಿನಗಳ ಒಂಬತ್ತನೆಯ ಬೆಳಗು.

ನನ್ನ ಮರಿಮಗಳ ಮರಿಮಗಳೇ, ಇನ್ನೂ ಹುಟ್ಟದ ರಾಣಿಯೇ,

ಈ ಮಾತುಗಳು ನಿನ್ನ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಮ್ಮ ಕಾಲದಲ್ಲಿ ನಾಡು ನೀರಿನ ಮೇಲಿದೆ. ಬೆಳಿಗ್ಗೆ ಕಿಟಕಿ ತೆರೆದರೆ ಎದುರುಮನೆ ನಿನ್ನೆಗಿಂತ ನಾಲ್ಕು ಮಾರು ಆಚೆ ಸರಿದಿರುತ್ತದೆ. ಹಾಲಿನವಳು ದೋಣಿ ನಿಲ್ಲಿಸಿ, ನಿಮ್ಮ ಅರಮನೆ ಇವತ್ತು ಎಲ್ಲಿಗೆ ಹೊರಟಿದೆ ಎಂದು ನಗುತ್ತಾಳೆ. ಅರಮನೆ ಎಂದರೆ ಮೂರು ಕೋಣೆ, ಒಂದು ಜಗಲಿ. ಇಲ್ಲಿ ರಾಣಿ ಆಳುವುದಿಲ್ಲ. ನೂರ ಇಪ್ಪತ್ತೊಂದು ಮಂದಿಯ ಸದನದಲ್ಲಿ ಅರವತ್ತೊಂದು ಮಂದಿಯ ಬೆಂಬಲ ಯಾರಿಗಿದೆಯೋ ಅವರನ್ನು ಕರೆದು, ಸರ್ಕಾರ ರಚಿಸಿ ಎನ್ನುವುದಷ್ಟೇ ನನ್ನ ಕೆಲಸ. ಚುನಾವಣೆಯ ಫಲಿತಾಂಶದಿಂದ ಪ್ರಮಾಣವಚನದವರೆಗಿನ ದಿನಗಳೇ ಮೌನದಿನಗಳು. ಆಗ ರಾಣಿ ಯಾರ ಕಡೆಗೂ ಒಲವು ತೋರಬಾರದು. ಹೇಳುವುದೇನೋ ಸುಲಭ.

ಮೂವತ್ತು ವರ್ಷದ ಹಿಂದೆ ಯಾರಿಗೂ ಬಹುಮತ ಬರಲಿಲ್ಲ. ತುಂಗೆಯ ಪಕ್ಷಕ್ಕೆ ಐವತ್ತೆಂಟು, ವಾಮನರಾಯರ ಪಕ್ಷಕ್ಕೆ ಐವತ್ತೇಳು, ಪಕ್ಷೇತರರು ಆರು. ಇಬ್ಬರನ್ನೂ ಒಬ್ಬೊಬ್ಬರಾಗಿ ಜಗಲಿಗೆ ಕರೆದೆ. ಅಲ್ಲಿ ಆಡಿದ್ದನ್ನೆಲ್ಲ ಬರೆದು ಊರಿಗೆ ಓದಿ ಹೇಳುವುದು ವಾಡಿಕೆ. ರಾಯರಿಗೆ ಕೈಮುಗಿದು, ಬೆಂಬಲ ಎಷ್ಟಿದೆ ಎಂದಷ್ಟೇ ಕೇಳಿದೆ. ತುಂಗೆ ನನ್ನ ಜೊತೆ ಈಜು ಕಲಿತವಳು. ಅವಳು ಬಂದಾಗ ಕೆನ್ನೆ ಒಳಗೆ ಹೋಗಿತ್ತು. ಎಲ್ಲ ಮರೆತು, "ಊಟ ಆಯ್ತೇನೇ?" ಎಂದುಬಿಟ್ಟೆ. ಅವಳು ಉತ್ತರ ಕೊಡದೆ ನೆಲ ನೋಡಿದಳು.

ಹಾಳು ಬಾಯಿ ನನ್ನದು. ಸಂಜೆಯೊಳಗೆ ಊರಲ್ಲೆಲ್ಲ ಅದೇ ಮಾತು. ರಾಣಿಗೆ ಬೇಕಾದವಳು ತುಂಗೆಯೇ ಎಂದುಕೊಂಡು ಮೂವರು ಪಕ್ಷೇತರರು ಅವಳ ಮನೆಗೆ ಹೋದರು. ಐವತ್ತೆಂಟಕ್ಕೆ ಮೂರು ಸೇರಿದರೆ ಕುರ್ಚಿ ಅವಳದೇ. "ನನ್ನನ್ನ ನಂಬಿ ಬರೋರು ಬರ್ಲಿ. ರಾಣಿ ನನ್ನ ಊಟ ವಿಚಾರಿಸಿದ್ಲು ಅಂತ ಬರೋರು ನಂಗೆ ಬೇಡ" ಎಂದು ಅವರನ್ನು ವಾಪಸು ಕಳಿಸಿದಳಂತೆ. ಆ ಮೂವರೂ, ಜೊತೆಗೆ ಇನ್ನೊಬ್ಬರೂ ರಾಯರ ಕಡೆ ಸೇರಿದರು. ನಾನು ರಾಯರನ್ನು ಕರೆದೆ, ಅವರು ಸದನದಲ್ಲಿ ವಿಶ್ವಾಸಮತ ಗೆದ್ದರು. ನನ್ನ ಪೀಠದ ಮರ್ಯಾದೆ ಉಳಿಸಿದವಳು ಸೋತು ಮನೆಗೆ ಹೋದಳು.

ಪ್ರಮಾಣವಚನ ಮುಗಿದ ಮೇಲೆ ನಾನು ಅವಳಲ್ಲಿಗೆ ಹೋಗಬಹುದಿತ್ತು. ನಾಚಿಕೆಯಾಗಿ ಹೋಗಲಿಲ್ಲ. ನಾಳೆ ಹೋದರಾಯಿತು ಎನ್ನುತ್ತಿರುವಾಗಲೇ ಅವಳ ಮನೆ ತೇಲುತ್ತ ತೇಲುತ್ತ ದಕ್ಷಿಣಕ್ಕೆ ಸರಿದು, ಕಣ್ಣಿಗೆ ಕಾಣದಷ್ಟು ದೂರವಾಯಿತು. ಹೋದ ವರ್ಷ ತೀರಿಕೊಂಡಳು.

ಆದ್ದರಿಂದ ಒಂದು ಬೇಡಿಕೆ. ಮೌನದಿನಗಳಲ್ಲಿ ಬಾಯಿ ಬಿಗಿಹಿಡಿ. ಪ್ರಮಾಣವಚನ ಮುಗಿದ ಕೂಡಲೇ ಕಿರೀಟ ತೆಗೆದಿಟ್ಟು ದೋಣಿ ಹತ್ತು. ಗೆದ್ದವರ ಮನೆಗೆ ಬೇಡ, ಅಲ್ಲಿ ವಿಚಾರಿಸುವವರು ಬೇಕಾದಷ್ಟು ಜನ ಇರುತ್ತಾರೆ. ಸೋತವರ ಮನೆ ಎಷ್ಟು ದೂರ ತೇಲಿದ್ದರೂ ಹುಡುಕಿಕೊಂಡು ಹೋಗಿ, ಊಟ ಆಯಿತೇ ಎಂದು ಕೇಳು. ಉತ್ತರ ಬರುವ ತನಕ ಅಲ್ಲೇ ಕೂತಿರು.

ನಿನ್ನ ಅಜ್ಜಿ,
ಸುಗುಣಾಂಬೆ