ಟ್ಯಾಪೆಟ್ ಕವರಿನ ಗೀರು

೧೬ ನವೆಂಬರ್ ೨೦೨೫, ಭಾನುವಾರ. ಅರಸೀಕೆರೆ

ಪಾಲಾಕ್ಷ ಆ ಮಾತು ಆಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅದೇ ತಲೆಯಿಂದ ಹೋಗುತ್ತಿಲ್ಲ.

ಬೇಲೂರಿನ ಡಾಕ್ಟರಿಗೆ ಅವರ ಅಪ್ಪನ ಕಾಲದ ಕಾರನ್ನು ಇವತ್ತು ಅವರ ಮನೆಗೇ ಹೋಗಿ ಒಪ್ಪಿಸಿದೆವು. ಎಂಜಿನ್ ಕೆಲಸ ಪಾಲಾಕ್ಷನದು, ಬಣ್ಣ ನನ್ನದು. ಗ್ಯಾರೇಜು ಹನ್ನೆರಡು ವರ್ಷದಿಂದ ಇಬ್ಬರದೂ. ಎಂಜಿನ್ನಿನ ತಲೆ ಮೇಲೆ ಕೂರುವ ಟ್ಯಾಪೆಟ್ ಕವರ್ ಒಂದಕ್ಕೇ ನನಗೆ ಒಂಬತ್ತು ದಿನ ಹಿಡಿದಿತ್ತು. ಹಳೇ ಬಣ್ಣ ಕೆರೆದು, ಕಪ್ಪು ಹೊಡೆದು, ಕಂಪನಿ ಹೆಸರಿನ ಉಬ್ಬಿದ ಅಕ್ಷರಗಳನ್ನು ಮಾತ್ರ ಅರದಿಂದ ಉಜ್ಜಿ ಬೆಳ್ಳಿಯ ಹಾಗೆ ಮಾಡಿದ್ದೆ. ಕೊನೆಯ ಅಕ್ಷರದಲ್ಲಿ ಅರ ಜಾರಿ ಸಣ್ಣ ಗೀರು ಬಿದ್ದಿತ್ತು.

ಡಾಕ್ಟರು ಬಾನೆಟ್ ಎತ್ತಿ, "ಯಾರ್ರೀ ಮಾಡಿದ್ದು ಇದನ್ನ?" ಅಂದರು.

"ಬೆಂಗಳೂರಿಗೆ ಕಳ್ಸಿ ಮಾಡಿಸ್ದೆ ಸಾರ್," ಅಂದ ಪಾಲಾಕ್ಷ.

ಊರಿನ ಕೈಗೆ ಬೆಲೆಯಿಲ್ಲ, ಗೊತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ನುಂಗಿಕೊಳ್ಳುತ್ತಿದ್ದೆ. ಡಾಕ್ಟರ ಬೆರಳು ಗೀರಿನ ಮೇಲೆ ನಿಂತಿತು.

"ಅದು ನಮ್ ಹುಡುಗ ಕೂರಿಸ್ವಾಗ ಮಾಡಿದ್ದು ಸಾರ್. ಎಷ್ಟ್ ಹೇಳಿದ್ರೂ ಅಷ್ಟೇಯ," ಅಂದು ನನ್ನ ಕಡೆ ನೋಡಿ ನಕ್ಕ.

ಹುಡುಗನಂತೆ. ನನಗೆ ನಲವತ್ತಮೂರು. ಹೊಳಪು ಬೆಂಗಳೂರಿನದು, ಗೀರು ಮಾತ್ರ ನನ್ನದು.

ನಾನು ಕೈಯಲ್ಲಿದ್ದ ಬಟ್ಟೆಯಿಂದ ಡಾಕ್ಟರ ಬೆರಳಿನ ಗುರುತು ಒರೆಸಿದೆ. ಯಾಕೆ ಒರೆಸಿದೆನೋ.

ಹೋಗುವಾಗ ಕಾರು ಓಡಿಸಿದ್ದು ನಾನು. ಬರುವಾಗ ಅವನ ಬೈಕೇ ಗತಿ. ಹಂಪ್ ಬಂದಾಗೆಲ್ಲ ಅವನ ಹೆಗಲು ಹಿಡಿಯುವುದು ನನ್ನ ಅಭ್ಯಾಸ. ಇವತ್ತು ಹಿಂದಿನ ಕಂಬಿ ಹಿಡಿದುಕೊಂಡೆ. ಹಳೇಬೀಡು ದಾಟಿದ ಮೇಲೆ ಅವನೇ ಕೇಳಿದ, "ಏನ್ಲಾ, ಹಿಂದೆ ಇದ್ದೀಯೋ ಇಲ್ವೋ?"

ಇದ್ದೀನಿ ಅಂದೆ.