ಎಣ್ಣೆಸ್ನಾನ ಮಾಡಿದ ವ್ಯಾನು

ಮೇದಿನಿ,

ಈ ಮನೆಯ ಇತಿಹಾಸದಲ್ಲಿ ದಾಖಲಾಗಬೇಕಾದ ಗಂಭೀರ ಸಂಗತಿ: ನಿನ್ನ ಟಿಫಿನ್ ವ್ಯಾನಿಗೆ ಹೆಸರಿನ ಸ್ಟಿಕ್ಕರ್ ಅಂಟುತ್ತಿಲ್ಲ. ಶುಭಕಾರ್ಯಕ್ಕೆ ಮುಂಚೆ ಅಭ್ಯಂಜನವಾಗಲೆಂದು ನಿನ್ನ ಯಜಮಾನರು ನಿನ್ನೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ ಮಿಂಚಿಸಿದ್ದರು. ಫತೇಗಂಜಿನ ಸ್ಟಿಕ್ಕರ್ ಅಂಗಡಿಯ ಜಿಗ್ನೇಶ್ ಬೆರಳಾಡಿಸಿ ನೋಡಿ, "ಕಾಕಾ, ಇದು ಗಾಡಿನಾ, ತಲೆನಾ?" ಎಂದ. ಯಜಮಾನರು ತಮ್ಮ ಬೋಳುತಲೆ ಸವರಿಕೊಂಡರು.

ಈಗ ಸೋಪಿನಪುಡಿ ಹಿಡಿದು, ಜಿಗ್ನೇಶನ ಅಂಗಡಿ ಮುಂದೆ ನಿಂತಿರುವ ವ್ಯಾನು ತೊಳೆಯಲು ನಡೆದೇ ಹೊರಟಿದ್ದಾರೆ. ಸ್ಕೂಟರು ನಿನಗೇ ಬಿಟ್ಟಿದ್ದಾರೆ, ಕೀ ಫ್ರಿಜ್ಜಿನ ಮೇಲಿದೆ. ಸಾರಿನ ಡಬ್ಬಿಗಳ ಮುಚ್ಚಳ ಬಿಗಿಯಾಗಿ ಹಾಕು. ನಿನ್ನ ಹೆಸರು ಸಂಜೆಯೊಳಗೆ ವ್ಯಾನಿನ ಮೇಲೆ ಬರುತ್ತದೆ. ಅಲ್ಲಿಯವರೆಗೆ ಊರಿಗೆ ಎಸ್‌ಟಿಡಿ ಫೋನ್ ಮಾಡಿ ನಿಮ್ಮಮ್ಮನಿಗೆ ಹೇಳಬೇಡ, ದಯವಿಟ್ಟು.

ನಿನ್ನ ಟಿಫಿನ್ ವ್ಯವಹಾರದ ಮೊದಲ ಊಟ ಇವತ್ತು ಹಾಸ್ಟೆಲ್ಲಿಗೆ ಸ್ಕೂಟರಿನಲ್ಲಿ ಹೋಗುತ್ತದೆ.

ಇಂತಿ ಅದೇ ಯಜಮಾನ,
ಹಯವದನ