ಬಿರಾಮ್ ಸಾರ್‌ಗೆ ಚುಕ್ಕಾಣಿ ಸಿಕ್ಕಿದ್ದು

ಜೂನ್ 11. ಲಿಬಿಯಾದ ಕಡಲಂಚಿನ ಗೋದಾಮು.

ಸಪ್ತಸಾಗರ ಸಾರ್ವಭೌಮ, ಮತ್ಸ್ಯಕುಲತಿಲಕ, ಮಹಾನೌಕಾಧಿಪತಿ ಶ್ರೀಶ್ರೀ ಬಿರಾಮ್ ಸಾರ್ ಅವರ ದಿವ್ಯ ಸನ್ನಿಧಿಗೆ, ಗಾಂಬಿಯಾದ ಪಾಮರ ಅನ್ಸು ಬಾಜಿಯ ಅಡ್ಡಬಿದ್ದ ನಮಸ್ಕಾರಗಳು.

ಮಹಾಸ್ವಾಮಿ, ಬೆಳಿಗ್ಗೆ ತಾವು ಕುಂಟುತ್ತ ರಬ್ಬರ್ ದೋಣಿ ಏರಿದಿರಿ; ನನ್ನ ಸರದಿ ಇನ್ನೂ ಬಂದಿಲ್ಲ. ಊರಿನ ನದಿ ದಾಟುವಾಗಲೂ ಕಣ್ಣು ಮುಚ್ಚಿ ಕೂರುತ್ತಿದ್ದ ದರ್ಜಿ ತಾವು.

ನಿನ್ನೆ ನಮ್ಮನ್ನು ಸಾಗಿಸುವವರ ಆಳು ಹಂಝಾ ಕಬ್ಬಿಣದ ಕೊಳವೆ ಹಿಡಿದು ಬಂದು ಕೇಳಿದ: "ದೋಣಿ ನಡೆಸೋನು ಯಾರ್ರೋ ನಿಮ್ಮಲ್ಲಿ?" ಎಲ್ಲರೂ ಗೋಡೆಯ ಕಡೆ ಸರಿದರು. ಇಟಲಿ ಮುಟ್ಟಿದರೆ ನಡೆಸಿದವನೇ ಕಳ್ಳಸಾಗಣೆಯವನೆಂದು ಜೈಲು ಸೇರುತ್ತಾನೆ. ಹಂಝಾನಂಥವರು ದೋಣಿ ಹತ್ತುವುದೇ ಇಲ್ಲ.

ನಾನು ಎದ್ದು ಎದೆಯ ಮೇಲೆ ಕೈಯಿಟ್ಟೆ. "ಧಣಿ, ಈ ಸೆರೇರ್ ನನ್ನ ಗುಲಾಮ. ಮೀನಿನ ಹೊಟ್ಟೇಲೇ ಹುಟ್ಟಿದೋನು, ತಗೊಳ್ಳಿ!"

"ಮುಚ್ಚೋ, ಅಕ್ಕಿಕಳ್ಳ ಜೋಲಾ," ಎಂದು ತಾವೂ ನಕ್ಕಿರಿ. ತಾವು ಸೆರೇರ್, ನಾನು ಜೋಲಾ; ನಮ್ಮೆರಡು ಕುಲದವರು ಒಬ್ಬರನ್ನೊಬ್ಬರು ಗುಲಾಮರೆಂದು ಹಂಗಿಸುವುದು ಅಜ್ಜಂದಿರ ಕಾಲದ ಸಲಿಗೆ. ಅದು ಹಂಝಾನಿಗೆ ಏನು ಗೊತ್ತು?

"ಇಲ್ಲಣ್ಣಾ, ನಾನು ಬಟ್ಟೆ ಹೊಲಿಯೋನು," ಎನ್ನುವಷ್ಟರಲ್ಲಿ ಕೊಳವೆ ತಮ್ಮ ಮೊಣಕಾಲಿಗೆ ಬಿತ್ತು. ಮೂರನೇ ಏಟಿಗೆ ತಾವು ಪಟ್ಟಾಭಿಷೇಕಕ್ಕೆ ಒಪ್ಪಿದಿರಿ.

ಆ ದೋಣಿಯಲ್ಲಿ ತೊಂಬತ್ತು ಜನ. ಅದು ದಡದ ಹತ್ತಿರವೇ ಎರಡು ಸುತ್ತು ಗಿರಗಿರ ತಿರುಗಿದಾಗ ಹಂಝಾ ಬಿದ್ದು ಬಿದ್ದು ನಕ್ಕ. ಆಮೇಲೆ ಅಲೆಗೆ ಅಡ್ಡವಾಗಿಯೇ ಹೋಯಿತು. ಹಾಗೆ ಹೋಗಬಾರದು, ದೋಣಿಯ ಮೂತಿಯನ್ನು ಅಲೆಗೆ ಕೊಡಬೇಕು.

ನಮ್ಮ ಗಾಂಬಿಯಾದ ಕಡಲೂರು ಗುಂಜೂರಿನಲ್ಲಿ ಆರು ವರ್ಷ ಮಾವನ ಮೀನುದೋಣಿ ನಡೆಸಿದವನು ನಾನು. ಅದು ನಿನಗೂ ಗೊತ್ತಿತ್ತು, ಬಿರಾಮ್. ಏಟು ತಿನ್ನುವಾಗ ನೀನು ನನ್ನ ಕಡೆ ನೋಡಿದೆ, ನನ್ನ ಹೆಸರು ಮಾತ್ರ ಹೇಳಲಿಲ್ಲ.